ತಂಗಿಯ ಸಕ್ಕರೆ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಅರೆಯುವ ಯಂತ್ರದ ಮುಂದೆ ಕೂರುವ ಹೆಂಗಸನ್ನು ಅಂಗಡಿಯವರೆಲ್ಲ ಅಕ್ಕ ಎಂದು ಕರೆಯುತ್ತಿದ್ದರು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವನಾದ ಮಾಲೀಕನೂ ಹಾಗೇ ಕರೆಯುತ್ತಿದ್ದ. ಅಕ್ಕ ಅಂದುಬಿಡುವುದರಲ್ಲಿ ಒಂದು ಅನುಕೂಲವಿದೆ: ಗೌರವ ಕೊಟ್ಟಂತೆಯೂ ಆಗುತ್ತದೆ, ಹತ್ತಿರ ಹೋಗಿ ಕೂರದಿದ್ದರೂ ನಡೆಯುತ್ತದೆ. ಗಿರಾಕಿಗಳು ಮುಂದಿನ ಕೋಣೆಯಲ್ಲಿ ಕನ್ನಡಿಗೆ ಮೂತಿ ತಿರುಗಿಸಿ ತಿರುಗಿಸಿ ಫ್ರೇಮು ಆರಿಸುತ್ತಿದ್ದರು. ಅಕ್ಕ ಒಳಗೆ ಕೂತು ಗಾಜಿನ ಅಂಚು ಅರೆದು, ಫ್ರೇಮಿಗೆ ಕೂರಿಸಿ, ಇರುವೆಯ ತಲೆಯಷ್ಟು ಸಣ್ಣ ಸ್ಕ್ರೂ ಬಿಗಿದು ಹೊರಗೆ ಕಳಿಸುತ್ತಿದ್ದಳು. ತನ್ನ ಮುಖ ಯಾರಿಗೂ ಕಾಣುವುದಿಲ್ಲ ಎಂಬ ದೂರು ಅವಳಿಗಿರಲಿಲ್ಲ.

ಅವಳ ದೂರು ಬೇರೆಯದೇ ಇತ್ತು. ಹತ್ತನೇ ವಯಸ್ಸಿನಲ್ಲಿ ಅವಳಿಗೆ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರಿಗೆ, ಕೂತಲ್ಲೇ ಕೂತು ತಿಂದವರಿಗೆ ಬರುವ ಶುಗರ್ ಅಲ್ಲ ಅದು. ಮೈಯನ್ನು ಕಾಯಬೇಕಾದ ಪಡೆಯೇ ತಪ್ಪು ತಿಳಿದು, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಹುಡುಕಿ ಹುಡುಕಿ ಕೊಲ್ಲುವ ಟೈಪ್ ಒನ್. ಅಂದಿನಿಂದ ಅವಳು ಮೊದಲು ಬೆರಳು ಚುಚ್ಚಬೇಕು, ಆಮೇಲೆ ಲೆಕ್ಕ ಹಾಕಬೇಕು, ಆಮೇಲೆ ಹೊಟ್ಟೆಗೆ ಸೂಜಿ, ಎಲ್ಲ ಮುಗಿದ ಮೇಲೆ ತುತ್ತು. ತೋಳಿಗೆ ಅಂಟಿಸಿಕೊಳ್ಳುವ ಸೆನ್ಸರ್ ಬಂದು ಎಷ್ಟೋ ವರ್ಷವಾಗಿದ್ದರೂ ಅವಳು ಬೆರಳಿನ ರಕ್ತದ ಹನಿಯಲ್ಲಿ ಸಕ್ಕರೆ ಅಳೆಯುವ ಹಳೆಯ ಮೀಟರನ್ನು ಬಿಟ್ಟಿರಲಿಲ್ಲ. ಸೆನ್ಸರ್ ಹೊತ್ತಲ್ಲದ ಹೊತ್ತಿನಲ್ಲಿ ಕೂಗಿಕೊಳ್ಳುತ್ತದೆ. ಹಾಕಿಕೊಂಡರೆ ಮನೆಯಲ್ಲಿ ಮಾತಾಡುವುದು ಅದೊಂದೇ ಆಗಿಬಿಡುತ್ತದೆ ಎಂದು ಅವಳ ಅಂಜಿಕೆ.

ಅನುಕಂಪಕ್ಕೇನೂ ಬರವಿರಲಿಲ್ಲ. ‘ನಮ್ಮ ಮಾವನಿಗೂ ಇತ್ತು, ದಿನಾ ನಡೆದೂ ನಡೆದೂ ಓಡಿಸಿಬಿಟ್ರು’ ಎಂದು ಕೌಂಟರಿನ ಹುಡುಗಿ ಹೇಳಿದರೆ ಅಕ್ಕ ‘ಒಳ್ಳೇದಾಯ್ತು ಬಿಡು’ ಎನ್ನುತ್ತಿದ್ದಳು. ವಿವರಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸಕ್ಕರೆ ಇಳಿದಾಗ ನಾಲಿಗೆ ದಪ್ಪವಾಗುತ್ತದೆ, ಎದುರಿನವರ ಮಾತು ನೀರಿನಡಿಯಿಂದ ಬಂದಂತೆ ಕೇಳುತ್ತದೆ, ಕಾರಣವಿಲ್ಲದೆ ಎಲ್ಲರ ಮೇಲೂ ಸಿಟ್ಟು ಬರುತ್ತದೆ. ಒಬ್ಬ ಗಂಡಸು ಒಂದಷ್ಟು ಕಾಲ ಅವಳ ಜೊತೆಗಿದ್ದ, ಒಳ್ಳೆಯವನೇ. ಒಂದು ಬೆಳಗ್ಗೆ ಅವಳು ಬೆವೆತು ನಡುಗುತ್ತಾ ಅವನನ್ನು ಬಾಯಿಗೆ ಬಂದಂತೆ ಬೈದಳು. ಅದು ಸಕ್ಕರೆಯ ಬೈಗುಳ, ತನ್ನದಲ್ಲ ಎಂದು ಆಮೇಲೆ ಎಷ್ಟು ಹೇಳಿದರೂ ಅವನ ತಲೆಗೆ ಹೋಗಲಿಲ್ಲ. ಹೇಳಿಕೊಳ್ಳಲು ಜನರಿದ್ದರು, ಹೇಳದೆ ತಿಳಿಯುವವರು ಒಬ್ಬರೂ ಇರಲಿಲ್ಲ. ಅಕ್ಕನ ಒಂಟಿತನವೆಂದರೆ ಇಷ್ಟೇ, ಮೂವತ್ತು ವರ್ಷದಿಂದ ಇಷ್ಟೇ.

ಅವಳಿಗೆ ಒಬ್ಬ ತಂಗಿ. ಹನ್ನೊಂದು ವರ್ಷ ಚಿಕ್ಕವಳು. ಹುಟ್ಟಿದಾಗಿನಿಂದ ಬಾಯಿಗೆ ಬಿಡುವು ಕೊಡದ ಕಾರಣ ಮನೆಯಲ್ಲಿ ಗಿಲಕಿ ಎಂಬ ಹೆಸರು ಬಿತ್ತು. ಈಗ ದೂರದ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅಕ್ಕತಂಗಿಯರ ನಡುವೆ ಉಳಿದದ್ದು ಆಗೊಮ್ಮೆ ಈಗೊಮ್ಮೆ ಒಂದು ಫೋನು. ಜಗಳವೇನಿರಲಿಲ್ಲ, ಜಗಳವಾಡಲು ಬೇಕಾದಷ್ಟು ಪರಿಚಯವೂ ಇರಲಿಲ್ಲ ಅನ್ನಿ. ಚಿಕ್ಕಂದಿನಲ್ಲಿ ಅಕ್ಕನ ಕಣ್ಣಿಗೆ ಬೀಳಬಾರದೆಂದು ಅಮ್ಮ ಮನೆಯಲ್ಲಿ ಸಿಹಿಯನ್ನೇ ಇಡುತ್ತಿರಲಿಲ್ಲ. ಗಿಲಕಿ ಚಾಕೊಲೇಟನ್ನು ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ತಿಂದು ಬೆಳೆದವಳು.

ಅಕ್ಕ ಚಿಕಿತ್ಸೆಗೆ ಹೋಗುತ್ತಿದ್ದ ಆಸ್ಪತ್ರೆಯಲ್ಲಿ ಒಂದು ಸಂಶೋಧನೆ ಶುರುವಾಯಿತು. ಟೈಪ್ ಒನ್ ಇರುವವರ ಒಡಹುಟ್ಟಿದವರ ರಕ್ತ ಪರೀಕ್ಷಿಸಿ, ಕಾಯಿಲೆ ಇನ್ನೂ ಹೊರಗೆ ಕಾಣಿಸದಿದ್ದರೂ ಒಳಗೆ ಹತ್ತಿಕೊಂಡಿದೆಯೇ ಎಂದು ನೋಡುವುದು. ಹತ್ತಿಕೊಂಡಿದ್ದರೆ ಮೊದಲೇ ಔಷಧಿ ಕೊಟ್ಟು ತಡೆಯಲು ಯತ್ನಿಸುವುದು. ಅಕ್ಕನೇ ಗಿಲಕಿಯ ಬೆನ್ನು ಬಿದ್ದು ಕರೆಸಿದಳು. ನನಗೆ ಕುದುರೆಯ ಹಾಗೆ ಆರೋಗ್ಯವಿದೆ ಎಂದು ನಗುತ್ತಾ ಬಂದ ಗಿಲಕಿಯ ರಕ್ತದಲ್ಲಿ ಕಾಯಿಲೆಯ ಮುನ್ಸೂಚನೆ ಕೊಡುವ ಪ್ರತಿಕಾಯಗಳು ಒಂದಲ್ಲ, ಮೂರು ಸಿಕ್ಕವು. ಇವತ್ತಲ್ಲ ನಾಳೆ ಬರುತ್ತದೆ ಎಂದು ಅದರರ್ಥ.

ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡುವವರಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಈ ಕಾಯಿಲೆ, ಬೇಲಿಯನ್ನು ಕಿತ್ತೆಸೆದರೆ ಬೇರೆ ರೋಗಗಳು ನುಗ್ಗುತ್ತವೆ, ಹಾಗಾಗಿ ಅದಕ್ಕೆ ಹೊಲ ತನ್ನದು ಎಂದು ಕಲಿಸುವ ಪ್ರಯತ್ನ ಇದು ಎಂದರು. ಎರಡು ವಾರ ದಿನವೂ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ. ಸೇರಿದವರಲ್ಲಿ ಕೆಲವರಿಗೆ ನಿಜವಾದದ್ದು, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಆಮೇಲೆ ಆರಾರು ತಿಂಗಳಿಗೊಮ್ಮೆ ಸಕ್ಕರೆ ನೀರು ಕುಡಿಸಿ ಪರೀಕ್ಷೆ. ನಡುವೆ ಮನೆಯಲ್ಲಿ ನೀವೇ ಚುಚ್ಚಿ ನೋಡಿಕೊಳ್ಳಬೇಡಿ, ಅನುಮಾನ ಬಂದರೆ ನಮಗೆ ಫೋನ್ ಮಾಡಿ ಎಂದು ಒತ್ತಿ ಹೇಳಿದರು.

ಅಕ್ಕ ತನಗೂ ಇದರಿಂದ ಏನಾದರೂ ಆಗುತ್ತದೆಯೇ ಎಂದು ಕೇಳಿದಳು. ಕೇಳಬಾರದಿತ್ತು ಎಂದು ಕೇಳುವಾಗಲೇ ಅನ್ನಿಸಿತು. ಡಾಕ್ಟರಮ್ಮ ಒಂದು ಗಳಿಗೆ ಪೆನ್ನಿನ ಮುಚ್ಚಳ ತಿರುಗಿಸಿ, ಉಳಿಸಲು ನಿಮ್ಮಲ್ಲಿ ಏನೂ ಉಳಿದಿಲ್ಲವಲ್ಲ ಎಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಬಂತು, ನಿಜವೇ.

ಹೊರಗಿನ ಬೆಂಚಿನ ಮೇಲೆ ಗಿಲಕಿ ಅಕ್ಕನ ಭುಜಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಅವಳ ಬೆನ್ನು ಸವರುತ್ತಾ, ಏನೂ ಆಗಲ್ಲ ಅಂದಳು. ಬಾಯಿ ಹಾಗೆ ಹೇಳುತ್ತಿತ್ತು. ಎದೆಯೊಳಗೆ ಆದದ್ದು ಸಂತೋಷ. ಅದಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ. ತನ್ನಂಥ ಇನ್ನೊಬ್ಬಳು ಬರುತ್ತಿದ್ದಾಳೆ ಎಂದು ಸಂತೋಷವಾಯಿತು, ಆದ ಕೂಡಲೇ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಗಿಲಕಿ ಕೆಲಸ ಬಿಟ್ಟು ಅಕ್ಕನ ಮನೆಗೆ ಬಂದಳು. ಎರಡು ವಾರಕ್ಕೆಂದು ಬಂದವಳು ಆಮೇಲೂ ಉಳಿದಳು; ಔಷಧಿಯ ಸುಸ್ತಿತ್ತು, ಮನಸ್ಸಿನ ಭಯವೂ ಇತ್ತು. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿ ತೆರೆದರೆ ಎದುರಿನ ಕಟ್ಟಡದ ಪೈಪುಗಳು. ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು. ಅಕ್ಕನಿಗೆ ಆ ಇಕ್ಕಟ್ಟೇ ಹಿತವಾಯಿತು. ಅಂಗಡಿಯಿಂದ ಬರುವಷ್ಟರಲ್ಲಿ ಮನೆಯಲ್ಲಿ ದೀಪ ಉರಿಯುತ್ತಿರುತ್ತಿತ್ತು. ಗಿಲಕಿ ನೆಲದ ಮೇಲೆಲ್ಲ ಟವೆಲ್ಲು ಎಸೆದಿರುತ್ತಿದ್ದಳು, ಪಾತ್ರೆ ತೊಳೆದಿರುತ್ತಿರಲಿಲ್ಲ. ಒಂದು ಸಂಜೆ ಸಕ್ಕರೆ ಇಳಿದು ಅಕ್ಕ ಅವಳನ್ನೂ ಬೈದಳು. ಗಿಲಕಿ ಮುಖ ಊದಿಸಿಕೊಳ್ಳುವ ಬದಲು ಒಂದು ಲೋಟ ಹಣ್ಣಿನ ರಸ ತಂದು ಕೈಗಿಟ್ಟು, ಕುಡಿದು ಆಮೇಲೆ ಬೈ ಅಂದಳು. ಅಕ್ಕ ಕುಡಿದಳು. ಬೈಗುಳ ಅರ್ಧಕ್ಕೇ ನಿಂತಿತು. ಆ ಲೋಟವನ್ನು ತೊಳೆಯುವಾಗ ಅವಳ ಕಣ್ಣಲ್ಲಿ ನೀರು ಬಂತು.

ಆದರೆ ಗಿಲಕಿ ಗೂಡಿನಲ್ಲಿ ಕೂರುವ ಹಕ್ಕಿಯಲ್ಲ. ಮೈಗೆ ಶಕ್ತಿ ಬಂದಂತೆ ಕಾಲು ಒಂದೆಡೆ ನಿಲ್ಲದಾಯಿತು. ಐದನೇ ತಿಂಗಳಿನಲ್ಲಿ ಒಂದು ದೊಡ್ಡ ಈಜುಕೊಳದಿಂದ ಅವಳಿಗೆ ಕರೆ ಬಂತು: ಮುಖ್ಯ ತರಬೇತುದಾರಳ ಕೆಲಸ, ಅವಳು ವರ್ಷಗಳಿಂದ ಕಣ್ಣಿಟ್ಟಿದ್ದ ಜಾಗ. ಗುರುವಾರ ಹೊರಡುವುದೆಂದು ನಿಶ್ಚಯವಾಯಿತು. ಪರೀಕ್ಷೆಯ ದಿನಗಳಿಗೆ ಬಂದು ಹೋಗುತ್ತೇನೆ ಎಂದಳು. ಅಕ್ಕ ತುಂಬ ಒಳ್ಳೆಯದು ಅಂದಳು. ಅಂದು ಮುಗಿಸಿ, ಕೈಗೆ ಸಿಕ್ಕ ಬಟ್ಟೆಯಿಂದ ಒಲೆಯನ್ನು ಒರೆಸಿದ್ದೇ ಒರೆಸಿದ್ದು.

ಆ ಗುರುವಾರಕ್ಕೆ ಮುಂಚಿನ ಭಾನುವಾರ ಮಧ್ಯಾಹ್ನ. ಗಿಲಕಿ ಮೇಜಿಗೆ ಕೂತು ಕಿತ್ತಳೆ ಸುಲಿಯುತ್ತಾ, ಸುಲಿದದ್ದರಲ್ಲಿ ಅರ್ಧ ತಾನೇ ತಿನ್ನುತ್ತಾ, ಹೊಸ ಕೊಳದ ಉದ್ದ ಅಗಲ ವರ್ಣಿಸುತ್ತಿದ್ದಳು. ಮಾತಿನ ನಡುವೆ, ಯಾಕೋ ನಿನ್ನೆಯಿಂದ ಬಾಯಾರಿಕೆ ಅಂದಳು. ಉಪ್ಪು ಸುರಿದ ಕುರುಕಲು ತಿಂಡಿ ಒಂದು ಪೊಟ್ಟಣ ಪೂರ್ತಿ ತಿಂದವರಿಗೆ ಬಾಯಾರದೆ ಇನ್ನೇನಾದೀತು. ಆದರೆ ಆ ಮನೆಯಲ್ಲಿ ಬಾಯಾರಿಕೆ ಎಂಬುದು ಸಣ್ಣ ಮಾತಲ್ಲ. ಅಕ್ಕನಿಗೆ ಕಾಯಿಲೆ ಶುರುವಾದದ್ದೇ ಬಾಯಾರಿಕೆಯಿಂದ. ಅವಳು ಎದ್ದು ತನ್ನ ಮೀಟರು ತಂದಳು.

"ಕೊಡು ಬೆರಳು."

"ಮನೇಲಿ ನೋಡ್ಬಾರ್ದು ಅಂದಿದಾರಲ್ಲ ಅಕ್ಕಾ."

"ಒಂದ್ಸಲ ನೋಡಿದ್ರೆ ಆಕಾಶ ಬೀಳಲ್ಲ. ಕೊಡು."

ಚುಚ್ಚಿದಳು, ಹನಿ ತೆಗೆದಳು, ಸ್ಟ್ರಿಪ್ಪಿಗೆ ಮುಟ್ಟಿಸಿದಳು. ಮೀಟರು ಇನ್ನೂರ ಎಪ್ಪತ್ತು ತೋರಿಸಿತು. ಆರೋಗ್ಯವಂತರಿಗೆ ಅದರ ಅರ್ಧದಷ್ಟೂ ಇರಬಾರದು.

ಗಿಲಕಿಯ ಬಾಯಿ ಹುಟ್ಟಿದ ಮೇಲೆ ಮೊದಲ ಸಲ ಕಟ್ಟಿತು. ಆಮೇಲೆ ಅವಳು ಅಕ್ಕನ ಮಡಿಲಿಗೆ ಮುಖ ಹಾಕಿ ಅತ್ತಳು. ನಾನಿದ್ದೀನಲ್ಲ, ಎಲ್ಲ ನಾನು ಹೇಳಿಕೊಡ್ತೀನಿ, ಇದೇನು ಸಾಯೋ ಕಾಯಿಲೆ ಅಲ್ಲ ಎಂದು ಅಕ್ಕ ತಲೆ ಸವರಿದಳು. ಇವತ್ತು ರಜೆ, ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಹೋಗೋಣ ಅಂದಳು. ಸ್ವಲ್ಪ ಹೊತ್ತಿಗೆ ಗಿಲಕಿ ಮೂಗು ಒರೆಸಿಕೊಂಡು ಎದ್ದು, ಕೊಳದವರಿಗೆ ಈಗಲೇ ತಿಳಿಸಿಬಿಡುತ್ತೇನೆ, ಅವರನ್ನು ಕಾಯಿಸುವುದು ಸರಿಯಲ್ಲ ಎಂದು ಫೋನು ಹಿಡಿದು ಕೋಣೆಗೆ ಹೋದಳು.

ಅಕ್ಕ ಮೇಜು ಒರೆಸಲು ಬಗ್ಗಿದಳು. ಸಿಪ್ಪೆಗಳನ್ನು ಬಾಚಿಕೊಂಡಾಗ ಅವಳ ಕೈ ಅಂಟಂಟಾಯಿತು.

ಟೈಪ್ ಒನ್ ಬಂದ ಮಗುವಿಗೆ ಕಲಿಸುವ ಮೊದಲ ಪಾಠವೇ ಕೈ ತೊಳೆ ಎಂಬುದು. ಬೆರಳಿಗೆ ಹಣ್ಣಿನ ರಸ ತಾಗಿದ್ದರೆ ಮೀಟರು ರಕ್ತದ ಸಕ್ಕರೆಯ ಜೊತೆ ಹಣ್ಣಿನ ಸಕ್ಕರೆಯನ್ನೂ ಕೂಡಿಸಿ ಹೇಳಿಬಿಡುತ್ತದೆ. ಮೂವತ್ತು ವರ್ಷದಲ್ಲಿ ಅಕ್ಕ ಕೈ ತೊಳೆಯದೆ ಚುಚ್ಚಿಕೊಂಡದ್ದಿಲ್ಲ. ರಸ್ತೆಯಲ್ಲಿದ್ದರೆ ಬಾಟಲಿಯ ನೀರಿನಿಂದಾದರೂ ತೊಳೆದಾಳು. ಇವತ್ತು ಮರೆತಳು. ಮರೆತದ್ದು ಹೇಗೆ ಎಂದು ಕೇಳಿದರೆ ನಾವು ಅವಳ ಪರ ವಕೀಲಿ ಮಾಡಲು ಬಂದವರಲ್ಲ. ಎದ್ದು ಮೀಟರು ತರುವಾಗಲೇ ಅವಳಿಗೆ ಯಾವ ಸಂಖ್ಯೆ ಬೇಕಿತ್ತೋ ಏನೋ.

ಕೋಣೆಯಿಂದ ಗಿಲಕಿ ನಂಬರು ಒತ್ತುವ ಸದ್ದು ಕೇಳುತ್ತಿತ್ತು. ಒಂದು ಮಾತು ಸಾಕಿತ್ತು: ತಾಳು, ಕೈ ತೊಳೆದು ಇನ್ನೊಂದು ಸಲ ನೋಡೋಣ. ಗುರುವಾರದ ಖಾಲಿ ಮನೆ ಅವಳ ಕಣ್ಣ ಮುಂದೆ ಬಂತು, ನೆಲದ ಮೇಲೆ ಒಂದೂ ಟವೆಲ್ಲಿಲ್ಲದ ಮನೆ. ಅವಳು ಸಿಪ್ಪೆಯನ್ನು ಬುಟ್ಟಿಗೆ ಹಾಕಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನ ನಡುವೆಯೂ, ಕ್ಷಮಿಸಿ, ನನಗೆ ಬರೋಕಾಗಲ್ಲ ಎಂದು ಗಿಲಕಿ ಹೇಳಿದ್ದು ಕೇಳಿಸಿತು.

ಆ ಸಂಜೆಯಷ್ಟು ಸುಖದ ಸಂಜೆ ಅಕ್ಕನ ಬದುಕಿನಲ್ಲಿ ಬಂದಿರಲಿಲ್ಲ. ಗಿಲಕಿ ತರಕಾರಿ ಹೆಚ್ಚಿದಳು, ಅಕ್ಕ ಅಳೆಯುವುದನ್ನು ತೋರಿಸಿದಳು. ಒಂದು ಹಿಡಿ ಅನ್ನಕ್ಕೆ ಎಷ್ಟು ಇನ್ಸುಲಿನ್, ಒಂದು ಆಲೂಗಡ್ಡೆಗೆ ಎಷ್ಟು. ಗಿಲಕಿ ತಪ್ಪು ಲೆಕ್ಕ ಹೇಳಿ ಬೈಸಿಕೊಂಡು ನಕ್ಕಳು. ಆಮೇಲೆ ಚಾಪೆಯ ಮೇಲೆ ಮೊಣಕಾಲು ತಬ್ಬಿ ಕೂತು, ಹತ್ತು ವರ್ಷದವಳಿದ್ದಾಗ ನಿನಗೆ ಹೇಗನ್ನಿಸಿತ್ತು ಎಂದು ಕೇಳಿದಳು. ಈ ಪ್ರಶ್ನೆಯನ್ನು ಯಾರೂ, ಅಮ್ಮನೂ, ಕೇಳಿರಲಿಲ್ಲ. ಅಕ್ಕ ಹೇಳುತ್ತಾ ಹೋದಳು. ಶಾಲೆಯ ಹುಡುಗಿಯರು ಅಂಟುಜಾಡ್ಯವೆಂದು ದೂರ ಕೂತದ್ದು, ಮೊದಲ ಸಲ ತಾನೇ ಚುಚ್ಚಿಕೊಂಡಾಗ ಅಮ್ಮ ಬಾಗಿಲ ಹಿಂದೆ ನಿಂತು ಅತ್ತದ್ದು. ಗಿಲಕಿ ನಡುವೆ ಬಾಯಿ ಹಾಕದೆ ಕೇಳಿದಳು. ಕದ್ದ ಊಟಕ್ಕೆ ರುಚಿ ಹೆಚ್ಚು ಎನ್ನುತ್ತಾರಲ್ಲ, ಅಕ್ಕ ಅದನ್ನು ಹೊಟ್ಟೆ ತುಂಬ ಉಂಡಳು.

ಸೋಮವಾರ ಬೆಳಗ್ಗೆ ಆಸ್ಪತ್ರೆಯ ನರ್ಸು ಗಿಲಕಿಯನ್ನು ಬೇಸಿನ್ನಿನ ಹತ್ತಿರ ಕಳಿಸಿ, ಕೈ ತೊಳೆಸಿ, ಒರೆಸಿ, ಚುಚ್ಚಿದಳು. ತೊಂಬತ್ತಾರು. ರಕ್ತನಾಳದಿಂದ ತೆಗೆದ ರಕ್ತವನ್ನೂ ಲ್ಯಾಬಿಗೆ ಕಳಿಸಿದರು. ಅದೂ ಸರಿಯಾಗಿತ್ತು, ಹಿಂದಿನ ಮೂರು ತಿಂಗಳ ಸರಾಸರಿಯೂ ಸರಿಯಾಗಿತ್ತು. ನರ್ಸು ಯಾವ ಉದ್ದೇಶವೂ ಇಲ್ಲದೆ, ದಿನಕ್ಕೆ ಹತ್ತು ಜನರನ್ನು ಕೇಳುವ ಹಾಗೆ ಕೇಳಿದಳು:

"ಮನೇಲಿ ನೋಡಿದಾಗ ಕೈ ತೊಳ್ಕೊಂಡಿದ್ರಾ?"

ಗಿಲಕಿ ತಿರುಗಿ ಅಕ್ಕನ ಮುಖ ನೋಡಿದಳು. ಅಕ್ಕ ನೆಲ ನೋಡಿದಳು.

ಡಾಕ್ಟರಮ್ಮ ಇಬ್ಬರಿಗೂ ಸೇರಿಸಿ ಗದರಿದರು. ಮನೆಯಲ್ಲಿ ನೋಡಿಕೊಂಡರೆ ಭಯಕ್ಕೆ ಊಟ ಬದಲಾಗುತ್ತದೆ, ಊಟ ಬದಲಾದರೆ ಔಷಧಿಯಿಂದ ಆದದ್ದೇನು ಎಂದು ಯಾರಿಗೂ ತಿಳಿಯುವುದಿಲ್ಲ, ನಿಯಮ ಮಾಡಿರುವುದು ಚೆಂದಕ್ಕಲ್ಲ ಎಂದರು. ಈ ಒಂದು ಸಲ ನಡೆದದ್ದನ್ನು ಬರೆದುಕೊಳ್ಳುತ್ತೇವೆ, ಸಂಶೋಧನೆಯಲ್ಲಿ ನೀವು ಮುಂದುವರಿಯಬಹುದು ಎಂದೂ ಹೇಳಿದರು. ಹೊರಗೆ ಬಂದ ಗಿಲಕಿ ಮೊದಲು ಕೊಳದವರಿಗೆ ಫೋನು ಮಾಡಿದಳು. ಆ ಜಾಗಕ್ಕೆ ಇನ್ನೊಬ್ಬಳು ಕಾದೇ ಕೂತಿದ್ದಳಂತೆ, ಬೆಳಗ್ಗೆಯೇ ಒಪ್ಪಿಕೊಂಡಾಗಿತ್ತು. ಆಗಲಿ, ಥ್ಯಾಂಕ್ಸ್ ಎಂದು ಗಿಲಕಿ ಫೋನು ಇಟ್ಟಳು. ಇಬ್ಬರೂ ಅದೇ ಬೆಂಚಿನ ಮೇಲೆ ಕೂತರು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ಯಾವಾಗ ಗೊತ್ತಾಯ್ತು ನಿಂಗೆ?"

ಮರೆತೆ ಅನ್ನಬಹುದಿತ್ತು. ಅದು ಅರ್ಧ ನಿಜವೂ ಆಗುತ್ತಿತ್ತು, ಗಿಲಕಿ ನಂಬುತ್ತಲೂ ಇದ್ದಳು. ಹಾಗೆ ನಂಬಿಸಿದ ತಂಗಿಯನ್ನು ಇಟ್ಟುಕೊಂಡು ಏನು ಮಾಡುವುದು ಎಂದು ಅಕ್ಕನಿಗೆ ಅನ್ನಿಸಿತು.

"ನೀನು ಫೋನ್ ಮಾಡೋಕೆ ಮುಂಚೆ," ಅಂದಳು.

ಗಿಲಕಿ ಫೋನನ್ನು ಚೀಲಕ್ಕೆ ಹಾಕಿ ಜಿಪ್ ಎಳೆದಳು. ಎದುರಿನ ಬಾಗಿಲಿನಿಂದ ರೋಗಿಗಳು ಬಂದರು, ಹೋದರು. ಅವಳು ಕೂಗಾಡಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು.

"ಚಿಕ್ಕವಳಿದ್ದಾಗ ನಿನ್ ಕಾಯಿಲೆ ನಂಗೂ ಬರ್ಲಿ ಅಂತ ಕೇಳ್ಕೋತಿದ್ದೆ ಗೊತ್ತಾ," ಅಂದಳು ಕೊನೆಗೆ. "ಅಮ್ಮ ಇಪ್ಪತ್ನಾಲ್ಕು ಗಂಟೆ ನಿನ್ನನ್ನೇ ನೋಡ್ತಿದ್ಲು. ನಂಗೆ ಬಂದ್ರೆ ನನ್ನನ್ನೂ ನೋಡ್ತಾಳೆ ಅಂತ. ನಾನಾಗ ಐದು ವರ್ಷದವಳು. ನೀನು ಈಗ ಎಷ್ಟು ವರ್ಷದವಳು ಅಕ್ಕಾ?"

ಅಕ್ಕ ತನ್ನ ಬೆರಳ ತುದಿಯ ಚುಚ್ಚಿದ ಗುರುತುಗಳನ್ನು ಉಜ್ಜಿಕೊಂಡಳು.

"ಹೋಗ್ಬೇಡ, ನಂಗೆ ಒಬ್ಬಳಿಗೆ ಆಗಲ್ಲ ಅಂತ ಹೇಳಿದ್ರೆ ಆಗ್ತಿತ್ತು," ಅಂದಳು ಗಿಲಕಿ. "ಇರ್ತಿದ್ನೋ ಇಲ್ವೋ, ಅದು ಬೇರೆ. ಬಾಯಿಬಿಟ್ಟು ಹೇಳ್ಬಹುದಿತ್ತು."

ಅವಳು ಗುರುವಾರಕ್ಕೆ ಕಾಯಲಿಲ್ಲ. ಮಾರನೆಯ ದಿನವೇ ಒಬ್ಬ ಗೆಳತಿಯ ಮನೆಗೆ ಹೊರಟಳು. ಹೊರಡುವಾಗ ಜಗಳವಾಡಲಿಲ್ಲ, ಬಾಗಿಲನ್ನೂ ಬಡಿಯಲಿಲ್ಲ. ಕೆಲವು ವಾರಗಳ ಮೇಲೆ ಯಾವುದೋ ಹೋಟೆಲಿನ ಚಿಕ್ಕ ಕೊಳದಲ್ಲಿ, ನೀರಿಗಿಂತ ಕುರ್ಚಿಗಳೇ ಹೆಚ್ಚಿರುವ ಕಡೆ, ಕೆಲಸ ಸಿಕ್ಕಿತು ಎಂದು ಎರಡು ಸಾಲಿನ ಸಂದೇಶ ಬಂತು. ಅಕ್ಕ ಸಂತೋಷ ಎಂದು ಉತ್ತರ ಬರೆದಳು, ಇನ್ನೂ ಏನೇನೋ ಬರೆದು ಅಳಿಸಿದಳು.

ಅಂಗಡಿಯಲ್ಲಿ ತಂಗಿ ಹೇಗಿದ್ದಾಳೆ ಎಂದು ಕೌಂಟರಿನ ಹುಡುಗಿ ಕೇಳಿದರೆ ಚೆನ್ನಾಗಿದ್ದಾಳೆ ಎನ್ನುತ್ತಿದ್ದಳು. ಮನೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಮುಂಚೆ ಒಂಟಿಯಾಗಿದ್ದದ್ದು ಒಂದು ಬಗೆ. ಜೊತೆ ಎಂದರೇನೆಂದು ತಿಳಿದು, ತನ್ನ ಕೈಯಾರೆ ಕಳೆದುಕೊಂಡು ಒಂಟಿಯಾಗಿರುವುದು ಇನ್ನೊಂದು. ಸಕ್ಕರೆ ಇಳಿದ ದಿನ ಅವಳು ಗೋಡೆಯನ್ನು ಬೈಯುತ್ತಿದ್ದಳು, ಆಮೇಲೆ ತಾನೇ ಎದ್ದು ರಸ ಕುಡಿಯುತ್ತಿದ್ದಳು. ಔಷಧಿ ನಿಜವಾದದ್ದೋ ಉಪ್ಪುನೀರೋ, ಗಿಲಕಿಗೆ ಕಾಯಿಲೆ ಬಾರದಿರಲಿ ಎಂದು ದಿನಾ ಹಾರೈಸುತ್ತಿದ್ದಳು. ಹಾರೈಸುವಾಗ ಮನಸ್ಸಿನ ಎಲ್ಲೋ ಒಂದು ಮೂಲೆ ಸುಮ್ಮನೆ ಕೂತಿರುತ್ತಿತ್ತು, ದನಿಗೂಡಿಸುತ್ತಿರಲಿಲ್ಲ. ಅವಳು ಆ ಮೂಲೆಯನ್ನು ಗದರಿಸುವುದನ್ನು ಬಿಟ್ಟಿದ್ದಳು.

ಆರು ತಿಂಗಳ ಪರೀಕ್ಷೆಗೆ ಗಿಲಕಿ ಬಂದದ್ದೂ ಹೋದದ್ದೂ ಅಕ್ಕನಿಗೆ ಗೊತ್ತಾಗಲಿಲ್ಲ. ಫಲಿತಾಂಶ ಬಂದ ಸಂಜೆ ಮಾತ್ರ ಫೋನು ಬಂತು. ಸುದ್ದಿಯನ್ನು ಸಾಲಾಗಿ ಒಪ್ಪಿಸುವ ವರದಿಗಾರನ ಹಾಗೆ ಗಿಲಕಿ ಹೇಳಿದಳು: ಎಲ್ಲ ಸರಿಯಾಗಿದೆ, ಸಕ್ಕರೆ ನೀರು ಕುಡಿದ ಮೇಲೂ ಮಿತಿ ಮೀರಿ ಏರಿಲ್ಲ, ಔಷಧಿ ಹಿಡಿದಿರಬಹುದು ಎಂಬಂತೆ ಡಾಕ್ಟರಮ್ಮನ ಮುಖ ಇತ್ತು, ಬಾಯಿಬಿಟ್ಟು ಹೇಳಲಿಲ್ಲ. ಅಕ್ಕ ಒಳ್ಳೇದಾಯ್ತು ಅಂದಳು. ಆಚೆ ಕಡೆ ಗಿಲಕಿ ಉಸಿರೆಳೆದದ್ದು ಕೇಳಿತು.

"ನಿಜ ಹೇಳು ಅಕ್ಕಾ. ಸಂತೋಷ ಆಯ್ತಾ?"

ಅಕ್ಕ ಕುರ್ಚಿ ಎಳೆದು ಕೂತಳು. ಈ ಸಲ ಯೋಚಿಸಿ ಹೇಳಬೇಕಿತ್ತು.

"ಮುಕ್ಕಾಲು ಆಯ್ತು," ಅಂದಳು. "ಉಳಿದ ಕಾಲು ಭಾಗ ನಂಗೆ ಬೇಜಾರೇ. ನೀನಿಲ್ದೆ ಇಲ್ಲಿ ತುಂಬಾ ಒಂಟಿ ಅನ್ಸುತ್ತೆ ಕಣೇ. ಆದ್ರೂ ಈ ಕಾಯಿಲೆಗೆ ನಮ್ಮನೇಲಿ ನಾನೇ ಕೊನೆಯವಳಾಗ್ಲಿ."

ಗಿಲಕಿ ಫೋನು ಇಡಲಿಲ್ಲ. ಅಕ್ಕನೂ ಇಡಲಿಲ್ಲ. ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳುತ್ತಾ ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ ಗಿಲಕಿ, ಊಟದ ಹೊತ್ತಾಯ್ತಲ್ಲ ನಿಂಗೆ, ಹೋಗು ಅಂದಳು. ಅಕ್ಕ ಎದ್ದು ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದಳು.